ನಲವತ್ತನೇ ಪಾಲು

ಇಪ್ಪತ್ತಾರು ವರ್ಷಗಳಿಂದ ಫ್ರೇಮಣ್ಣ ಬೇರೆಯವರ ಪ್ರಮಾಣಪತ್ರಗಳಿಗೆ ಕಟ್ಟು ಹಾಕುತ್ತ ಬಂದಿದ್ದ. ಪದವಿ ಪಡೆದವರು, ರಕ್ತ ಕೊಟ್ಟವರು, ಓಟದಲ್ಲಿ ಮೂರನೆಯವರಾಗಿ ಬಂದವರು, ಬೆರಳಚ್ಚು ಪರೀಕ್ಷೆಯಲ್ಲಿ ಎರಡನೇ ಸಲಕ್ಕೆ ಪಾಸಾದವರು, ಎಲ್ಲರೂ ಅವನ ಕೈಯಿಂದಲೇ ಗಾಜಿನ ಹಿಂದೆ ಸೇರಿ ಗೋಡೆ ಏರಿದ್ದರು. ಬೀದಿಯ ಹಲ್ಲು ಡಾಕ್ಟರದ್ದೇ ಒಂಬತ್ತಿದ್ದವು. ಕಾಗದದ ಅಂಚನ್ನು ಹೆಬ್ಬೆರಳಿನಲ್ಲಿ ಒಮ್ಮೆ ಉಜ್ಜಿದರೆ ಸಾಕು, ಕೊಟ್ಟ ಸಂಸ್ಥೆ ಎಂಥದ್ದು, ಪಡೆದವನು ಎಂಥವನು ಎಂದು ಫ್ರೇಮಣ್ಣ ಹೇಳಿಬಿಡುತ್ತಿದ್ದ. ಆದರೆ ಅವನ ಸ್ವಂತ ಹೆಸರು ಅಚ್ಚಾದ ಕಾಗದ ಅಂತ ಮನೆಯಲ್ಲಿ ಇದ್ದದ್ದು ಎರಡೇ. ಒಂದು ಕರೆಂಟು ಬಿಲ್ಲು, ಇನ್ನೊಂದು ಲಸಿಕೆಯ ಚೀಟಿ. ಇವೆರಡಕ್ಕೂ ಕಟ್ಟು ಹಾಕಿಸುವ ಪದ್ಧತಿ ಇನ್ನೂ ಬಳಕೆಗೆ ಬಂದಿರಲಿಲ್ಲ.

ಹೀಗಿರುವಾಗ ನದಿ ಸಮಿತಿಯವರು ದಡವನ್ನು ಪಾಲು ಮಾಡಿ ಹಂಚುತ್ತಾರೆ, ಪಾಲು ತೆಗೆದುಕೊಂಡವರಿಗೆ ಪ್ರಮಾಣಪತ್ರ ಕೊಡುತ್ತಾರೆ ಎಂಬ ಸುದ್ದಿ ಬೀದಿಯಲ್ಲಿ ಹಬ್ಬಿತು.

ಇದರ ಹಿನ್ನೆಲೆ ಹೇಳಬೇಕು. ಆ ಬೀದಿ ಮುಗಿಯುವುದೇ ನದಿಯ ಮೆಟ್ಟಿಲುಗಳಲ್ಲಿ. ನದಿ ಅಂದರೆ ಸಣ್ಣದಲ್ಲ. ಆಚೆ ದಡದ ಮನೆಗಳು ಬೆಂಕಿಪೆಟ್ಟಿಗೆಯಂತೆ ಕಾಣುವಷ್ಟು ಅಗಲ. ಸಂಜೆಯಾದರೆ ಬೀದಿಗೆ ಬೀದಿಯೇ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಡುತ್ತಿತ್ತು. ಜೊತೆಗೆ ಪೊಟ್ಟಣ, ಬಾಟಲಿ, ಹಳೇ ಚಪ್ಪಲಿಗಳನ್ನೂ ಇಳಿಬಿಡುತ್ತಿತ್ತು. ನದಿ ಇಲಾಖೆಯವರಿಗೆ ಸಾಕಾಗಿ, ದಡಕ್ಕೆಲ್ಲ ಬೇಲಿ ಹಾಕಿ ಜನರನ್ನೇ ಆಚೆ ಇಡುವುದೆಂದು ತೀರ್ಮಾನಿಸಿ, ಕಬ್ಬಿಣದ ಕಂಬಗಳನ್ನು ತಂದು ಇಳಿಸಿಬಿಟ್ಟಿದ್ದರು. ಆಗ ಎದ್ದವರು ದೊಡ್ಡ ಮೇಡಂ. ಬೀದಿಯ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತರಾದವರು, ಉಳಿದರ್ಧ ಜನ ಅವರಿಗೆ ಹೆದರಿ ತಾವೇ ಕಲಿತವರು. ಅವರು ಇಲಾಖೆಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತು, “ಒಂದು ವರ್ಷ ಕೊಡಿ. ನಾವೇ ನೋಡ್ಕೋತೀವಿ. ನೋಡ್ಕೊಳ್ಳದಿದ್ರೆ ಬೇಲಿ ಹಾಕಿ, ಕಂಬ ನಾನೇ ಹಿಡ್ಕೋತೀನಿ” ಎಂದು ಹೇಳಿ ಅನುಮತಿ ತಂದು, ನದಿ ಸಮಿತಿ ಕಟ್ಟಿದ್ದರು.

ಫ್ರೇಮಣ್ಣ ಶಟರು ಎಳೆದು, ಪಾಲು ಹಂಚುತ್ತಿದ್ದ ಶಾಲೆಯ ಕೋಣೆಗೆ ಓಡಿ ಬರುವಷ್ಟರಲ್ಲಿ ನಲವತ್ತು ಪಾಲುಗಳಲ್ಲಿ ಮೂವತ್ತೆಂಟು ಮುಗಿದಿದ್ದವು. ಉಳಿದದ್ದರಲ್ಲಿ ಒಂದು ಸೇತುವೆಯ ಕೆಳಗಿನದು. ಮಾರುಕಟ್ಟೆಯ ಮೋರಿ ಬಂದು ನದಿಗೆ ಸೇರುವುದು ಅಲ್ಲಿಯೇ. ಇನ್ನೊಂದು ನಕ್ಷೆಯಲ್ಲಿ ನೀರಿನ ನಟ್ಟನಡುವೆ, ಹಳದಿ ಬಣ್ಣದಲ್ಲಿ, ಸೌತೆಕಾಯಿಯ ಆಕಾರದಲ್ಲಿ ಮಲಗಿತ್ತು.

“ಇದೇನು ಮೇಡಂ?”

“ಮರಳುದಿಬ್ಬ. ಹಳೇ ನಕ್ಷೇಲಿದೆ ಅಂತ ಇಲಾಖೆಯವರು ನಂಬರ್ ಹಾಕಿಬಿಟ್ಟಿದಾರೆ, ನಲವತ್ತು ಅಂತ. ಮೇಲ್ಗಡೆ ಅಣೆಕಟ್ಟೆ ಕಟ್ಟಿ ವರ್ಷವಿಡೀ ನೀರು ಬಿಡೋಕೆ ಶುರು ಮಾಡಿದ ಮೇಲೆ ಅದನ್ನ ಕಂಡೋರಿಲ್ಲ. ಮೂವತ್ತು ವರ್ಷ ಆಯ್ತು.”

“ಹಾಗಾದ್ರೆ ಅಲ್ಲಿ ಕೆಲಸ ಏನು?”

“ಏನೂ ಇಲ್ಲ.”

“ಪ್ರಮಾಣಪತ್ರ?”

“ಎಲ್ಲರಿಗೂ ಕೊಡೋದೇ ನಿಂಗೂ.”

ಫ್ರೇಮಣ್ಣ ಗಂಟಲು ಸರಿಮಾಡಿಕೊಂಡ. “ಯಾರೂ ತಗೊಳ್ಳದ್ದನ್ನ ಯಾರಾದ್ರೂ ತಗೊಳ್ಳಲೇಬೇಕಲ್ಲ ಮೇಡಂ. ಇರ್ಲಿ, ಅದು ನನಗಿರ್ಲಿ.”

ಹಲ್ಲು ಡಾಕ್ಟರು ಹಿಂದಿನ ಬೆಂಚಿನಿಂದ ಚಪ್ಪಾಳೆ ತಟ್ಟಿದರು. “ತ್ಯಾಗ ಅಂದ್ರೆ ಇದು ಕಣ್ರೀ!”

ದೊಡ್ಡ ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. “ಮೂರನೇ ಕ್ಲಾಸಲ್ಲೂ ನೀನು ಬಾಗಿಲ ಪಕ್ಕದ ಬೆಂಚೇ ಹುಡುಕ್ತಿದ್ದೆ. ತಗೋ. ಆದ್ರೆ ತಿಂಗಳಿಗೊಂದು ವರದಿ ಬರೀಬೇಕು, ತಪ್ಪಿಸೋ ಹಾಗಿಲ್ಲ.” ಸೇತುವೆಯ ಕೆಳಗಿನ ಪಾಲಿನ ಎದುರು ಅವರು ತಮ್ಮ ಹೆಸರನ್ನೇ ಬರೆದುಕೊಂಡರು.

ಪ್ರಮಾಣಪತ್ರ ಬಂತು. ಅದಕ್ಕೆ ಒಪ್ಪುವ ಕಟ್ಟಿನ ಪಟ್ಟಿ ಆರಿಸುವುದಕ್ಕೆ ಫ್ರೇಮಣ್ಣ ಮೂರು ದಿನ ತೆಗೆದುಕೊಂಡ. ಆ ಮೂರು ದಿನ ಗಿರಾಕಿಗಳೆಲ್ಲ ನಾಳೆ ಬನ್ನಿ ಎಂದು ಹೇಳಿಸಿಕೊಂಡರು. ಕೊನೆಗೆ ಹೊನ್ನಿನ ಬಣ್ಣದ, ನಾಲ್ಕು ಬೆರಳು ಅಗಲದ, ಮಂತ್ರಿಗಳ ಭಾವಚಿತ್ರಕ್ಕೆ ಮಾತ್ರ ಬಳಸುವ ಪಟ್ಟಿಯಲ್ಲಿ ‘ನದಿಪಾಲಕ, ಪಾಲು ಸಂಖ್ಯೆ ನಲವತ್ತು’ ಅಂಗಡಿಯ ಗೋಡೆಗೇರಿತು.

ಅವನ ಹೆಂಡತಿ ಬಂದು, ಸೊಂಟಕ್ಕೆ ಕೈಯಿಟ್ಟು, ಉದ್ದಕ್ಕೂ ಅಡ್ಡಕ್ಕೂ ನೋಡಿದಳು.

“ಮನೇಲಿರೋ ನಲ್ಲಿ ಸೋರ್ತಿದೆ, ಅದನ್ನ ನೋಡಿ ಅಂದ್ರೆ ಪುರಸೊತ್ತಿಲ್ಲ. ನೀರಿನಡೀಲಿರೋ ಮರಳು ಕಾಯ್ತೀರಾ?”

“ಅದು ಸಾರ್ವಜನಿಕ ಸೇವೆ ಕಣೇ.”

“ಮೀನುಗಳಿಗೆ ಹೇಳಿಬಿಟ್ಟಿದೀರಾ, ನೀವು ಬಂದಿದೀರ ಅಂತ?”

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮುಂದಿನ ಹನ್ನೆರಡು ತಿಂಗಳಲ್ಲಿ ಫ್ರೇಮಣ್ಣ ಬರೆದ ಹನ್ನೆರಡು ವರದಿಗಳಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ. ಇಲಾಖೆಯ ನಮೂನೆಯಲ್ಲಿ ನಾಲ್ಕು ಕಾಲಂ ಇದ್ದವು. ಕಸ: ಕಂಡುಬಂದಿಲ್ಲ. ಒತ್ತುವರಿ: ಇಲ್ಲ. ಸಾರ್ವಜನಿಕರ ದೂರು: ಇಲ್ಲ. ಒಟ್ಟಾರೆ ಸ್ಥಿತಿ: ಪ್ರಶಾಂತ. ಪ್ರತಿ ತಿಂಗಳ ಮೊದಲ ದಿನ ಮೆಟ್ಟಿಲ ಮೇಲೆ ನಿಂತು, ಕೈಯನ್ನು ಕಣ್ಣಿಗೆ ಮರೆಮಾಡಿ ನದಿಯ ನಡುವಿಗೆ ಒಮ್ಮೆ ದಿಟ್ಟಿಸಿ, ಎಲ್ಲವೂ ಪ್ರಶಾಂತವೆಂದು ಖಚಿತಪಡಿಸಿಕೊಂಡೇ ಅವನು ಬರೆಯುತ್ತಿದ್ದುದು.

ಉಳಿದ ಮೂವತ್ತೊಂಬತ್ತು ಪಾಲುಗಳಲ್ಲಿ ನಿಜವಾದ ಕೆಲಸ ನಡೆಯುತ್ತಿತ್ತು. ಹಾಗಾಗಿ ಅಲ್ಲಿಂದ ದೂರುಗಳು ಬರುತ್ತಿದ್ದವು. ಮೂರನೇ ಪಾಲಿನ ಹಲ್ಲು ಡಾಕ್ಟರೊಬ್ಬರೇ ಏಳು ಸಸಿ ನೆಟ್ಟು, ಅವನ್ನು ತಿಂದ ಮೇಕೆಯ ಬಗ್ಗೆ ಹದಿನಾಲ್ಕು ಪುಟ ಬರೆದಿದ್ದರು. ದೊಡ್ಡ ಮೇಡಂ ವಾರಕ್ಕೆರಡು ಸಲ ಮೊಣಕಾಲುದ್ದದ ಬೂಟು ಹಾಕಿಕೊಂಡು ಮೋರಿಯ ಬಾಯಿಗಿಳಿದು, ಹಿಡಿದು ತಂದದ್ದನ್ನೆಲ್ಲ ತೂಕ ಹಾಕಿ ಬರೆಯುತ್ತಿದ್ದರು. ಬರೆದಷ್ಟೂ ಅಂಕ ಕಡಿಮೆಯಾಗುವ ಲೆಕ್ಕ ಇಲಾಖೆಯದು. ವರ್ಷದ ಕೊನೆಗೆ ಅಂಕಗಳನ್ನೆಲ್ಲ ಕೂಡಿ ನೋಡಿದಾಗ, ಇಡೀ ನದಿಯಲ್ಲಿ, ಮೂಲದಿಂದ ಸಮುದ್ರದವರೆಗೆ, ನೂರಕ್ಕೆ ನೂರು ಪಡೆದ ಪಾಲು ಒಂದೇ ಒಂದಿತ್ತು.

ಕಾಗದ ಬಂದದ್ದು ಸೋಮವಾರ. ‘ನಲವತ್ತನೇ ಪಾಲನ್ನು ಮಾದರಿ ಪಾಲು ಎಂದು ಆಯ್ಕೆ ಮಾಡಲಾಗಿದೆ. ಮುಂದಿನ ಸೋಮವಾರ ಅಧಿಕಾರಿಗಳು ಖುದ್ದಾಗಿ ಭೇಟಿ ನೀಡಿ, ಅಲ್ಲಿನ ನಿರ್ವಹಣಾ ವಿಧಾನವನ್ನು ಅಧ್ಯಯನ ಮಾಡುವರು. ದಡದ ಅನುಮತಿಯ ಮುಂದುವರಿಕೆಯನ್ನು ಅದೇ ದಿನ ತೀರ್ಮಾನಿಸಲಾಗುವುದು. ಪಾಲಕರಿಗೆ ಉಬ್ಬು ಮುದ್ರೆಯ ವಿಶೇಷ ಪ್ರಮಾಣಪತ್ರ ನೀಡಲಾಗುವುದು.’

ಉಬ್ಬು ಮುದ್ರೆ ಎಂಬಲ್ಲಿ ಫ್ರೇಮಣ್ಣನ ಎದೆ ಒಮ್ಮೆ ಅರಳಿತು. ‘ಖುದ್ದಾಗಿ’ ಎಂಬಲ್ಲಿ ಮುದುಡಿತು. ಅವನು ಅಂಟಿನ ಡಬ್ಬಿಗೆ ಮುಚ್ಚಳ ಹಾಕುವುದನ್ನೂ ಮರೆತು ದೊಡ್ಡ ಮೇಡಂ ಮನೆಗೆ ಓಡಿದ. ಹಲ್ಲು ಡಾಕ್ಟರು ಅಷ್ಟರಲ್ಲಾಗಲೇ ಅಲ್ಲಿ ಕೂತಿದ್ದರು; ಹೊಟ್ಟೆಯುರಿ ಅವರನ್ನು ಅಂಚೆಯವನಿಗಿಂತ ಬೇಗ ಕರೆತಂದಿತ್ತು.

ಮೇಡಂ ಹನ್ನೆರಡೂ ವರದಿಗಳ ನಕಲು ತೆಗೆದು ಒಂದೊಂದಾಗಿ ಓದಿದರು.

“ಸುಳ್ಳು ಬರ್ದಿದೀಯಾ?”

“ಇಲ್ಲ ಮೇಡಂ. ನಿಜಾನೇ ಬರ್ದೆ. ಅದೇ ತೊಂದ್ರೆ ಆಗಿರೋದು.”

“ಅದು ನೀರಿನಡೀಲಿದೆ ಅಂತ ಯಾಕೋ ಬರೀಲಿಲ್ಲ?”

“ಅದಕ್ಕೆ ಕಾಲಂ ಇರ್ಲಿಲ್ಲ ಮೇಡಂ.”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ಮೂವತ್ತೊಂಬತ್ತೇ ವರದಿ ಕಳಿಸಿದ್ರೆ ಒಂದು ಕಡಿಮೆ ಅಂತ ಇಡೀ ಕಟ್ಟು ವಾಪಸ್ ಬರೋದು. ನಾನೂ ನಿಂದನ್ನ ಸೇರಿಸಿ ಕಳಿಸಿಬಿಟ್ಟೆ. ತಪ್ಪು ನನ್ನದೂ ಇದೆ. ಈಗ ಅವ್ರು ಬಂದು ನೋಡ್ತಾರೆ, ಅಲ್ಲೇನಿದೆ? ನೀರು. ಇವ್ರ ವರದಿ ಎಲ್ಲಾ ಹೀಗೇ ಅಂತ ತಿಳ್ಕೋತಾರೆ. ಮಂಗಳವಾರ ಬೇಲಿ ಹಾಕ್ತಾರೆ.”

“ಒಂದು ದಿನದ ಮಟ್ಟಿಗೆ ನನ್ನ ಪಾಲಿನ ಬೋರ್ಡಿಗೇ ನಲವತ್ತು ಅಂತ ಬರೀಬಹುದು,” ಎಂದರು ಹಲ್ಲು ಡಾಕ್ಟರು ಉದಾರವಾಗಿ. “ಪ್ರಮಾಣಪತ್ರ ಮಾತ್ರ ನನ್ನ ಹೆಸರಿಗೆ ಕೊಡ್ಲಿ.”

ಮೇಡಂ ಒಮ್ಮೆ ನೋಡಿದರು. ಡಾಕ್ಟರು ಎದ್ದು ಚಪ್ಪಲಿ ಹುಡುಕಿದರು.

ಮಂಗಳವಾರ, ಬುಧವಾರ ಬೀದಿಯಲ್ಲಿ ಯಾರೂ ಫ್ರೇಮಣ್ಣನ ಮುಖ ನೋಡಿ ಮಾತಾಡಲಿಲ್ಲ. ಗುರುವಾರ ಬೆಳಿಗ್ಗೆ ದೋಣಿಯಕ್ಕ ಅಂಗಡಿಯ ಶಟರು ಬಡಿದಳು. ಜನರನ್ನು ಆಚೆ ದಡಕ್ಕೆ ದಾಟಿಸುವುದು ಅವಳ ಕಸುಬು; ಅವಳ ದನಿ ಎರಡೂ ದಡಕ್ಕೆ ಕೇಳುವಂಥದ್ದು.

“ಅಣ್ಣಾ! ನಿನ್ನ ಜಾಗ ಎದ್ದು ಕೂತಿದೆ, ಬಾ!”

ಮೇಲಿನ ಕಟ್ಟೆಯಲ್ಲಿ ಬಾಗಿಲು ರಿಪೇರಿ ಅಂತ ನೀರು ಬಿಡುವುದನ್ನು ನಿಲ್ಲಿಸಿದ್ದರು. ನದಿ ಇಪ್ಪತ್ತು ಮೆಟ್ಟಿಲು ಇಳಿದಿತ್ತು. ನಟ್ಟನಡುವೆ, ಬಿಸಿಲಿಗೆ ಬೆನ್ನು ಕೊಟ್ಟು, ಉದ್ದಕ್ಕೆ, ಹಳದಿಯಾಗಿ, ಥೇಟ್ ನಕ್ಷೆಯಲ್ಲಿದ್ದ ಸೌತೆಕಾಯಿ. ಫ್ರೇಮಣ್ಣ ಮೆಟ್ಟಿಲ ಮೇಲೆ ಕುಸಿದು ಕೂತ. ಮಗು ಹುಟ್ಟಿದ ದಿನವೂ ಅವನು ಹಾಗೆ ಕೂತಿರಲಿಲ್ಲ ಎಂದು ಅವನ ಹೆಂಡತಿ ಆಮೇಲೆ ಹೇಳಿದಳು.

“ಮಧ್ಯದಲ್ಲಿ ಕಪ್ಪಗೆ ಕಾಣ್ತಿರೋದೇನು?” ಎಂದು ಯಾರೋ ಕೇಳಿದರು.

“ಮೂವತ್ತು ವರ್ಷದ ಕಸ ಇರ್ಬೇಕು,” ಎಂದರು ಹಲ್ಲು ಡಾಕ್ಟರು. ಅವರ ದನಿಯಲ್ಲಿ ಸಂತೋಷವಿರಲಿಲ್ಲವೆಂದು ಹೇಳಲಾಗದು.

ಬೀದಿಗೆ ಬೀದಿಯೇ ಗುದ್ದಲಿ, ಗೋಣಿಚೀಲ, ಪೊರಕೆ ಹಿಡಿದು ದೋಣಿಯಕ್ಕನ ದೋಣಿಯಲ್ಲಿ ಆರು ಸರತಿಯಲ್ಲಿ ದಿಬ್ಬಕ್ಕೆ ಹೋಯಿತು. ಹೋಗಿ ನೋಡಿದರೆ ಕಪ್ಪಗಿದ್ದದ್ದು ಒಂದು ಮರದ ಬೊಡ್ಡೆ, ನೀರು ಉಜ್ಜಿ ಉಜ್ಜಿ ನುಣುಪಾಗಿಸಿದ್ದು. ಉಳಿದದ್ದೆಲ್ಲ ಮರಳು. ಮಡಿಕೆ ಮಡಿಕೆಯಾಗಿ, ಯಾರ ಹೆಜ್ಜೆಯೂ ಬೀಳದೆ, ಇಸ್ತ್ರಿ ಮಾಡಿಟ್ಟಂತೆ. ಮೂವತ್ತು ವರ್ಷ ನದಿಯೇ ಗುಡಿಸಿದ ಅಂಗಳ ಅದು. ಒಂದು ಕಡ್ಡಿ ಕಸವಿರಲಿಲ್ಲ.

ಪೊರಕೆ ಹಿಡಿದವರು ಸ್ವಲ್ಪ ಹೊತ್ತು ಪೆಚ್ಚಾಗಿ ನಿಂತರು. ಆಮೇಲೆ ಹಲ್ಲು ಡಾಕ್ಟರು ಪ್ಯಾಂಟು ಮಡಚಿ ನೀರಿಗಿಳಿದರು. ಡಾಕ್ಟರೇ ಇಳಿದ ಮೇಲೆ ಉಳಿದವರಿಗೇನು? ಔಷಧದ ಅಂಗಡಿಯವನು ಅಂಗಾತ ಬಿದ್ದು ತೇಲಿದ. ಮಕ್ಕಳು ಹೊಂಡ ತೋಡಿದರು. ಫ್ರೇಮಣ್ಣನ ಹೆಂಡತಿ ಮೊಣಕಾಲಿನವರೆಗೆ ನೀರಿನಲ್ಲಿ ನಿಂತು ಯಾರ ಮೇಲೋ ನೀರೆರಚಿದಳು. ದೊಡ್ಡ ಮೇಡಂ ಕೂಡ ಬೊಡ್ಡೆಯ ಮೇಲೆ ಕೂತು, ಬೂಟು ಬಿಚ್ಚಿ, ವರ್ಷದಲ್ಲಿ ಮೊದಲ ಸಲ ಏನೂ ತೂಕ ಮಾಡದೆ ಸುಮ್ಮನಿದ್ದರು. ಮನೆಯಿಂದ ಬುತ್ತಿಗಳು ಬಂದವು, ಬಾಟಲಿಗಳು ಬಂದವು.

ಸಂಜೆ ನಾಲ್ಕರ ಹೊತ್ತಿಗೆ ಫ್ರೇಮಣ್ಣ ಒಂದು ಬಿಸ್ಕತ್ತಿನ ಪೊಟ್ಟಣ ಗಾಳಿಗೆ ಹಾರಿ ಹೋಗಿ ಮರಳಿನ ಮೇಲೆ ಕೂರುವುದನ್ನು ಕಂಡ.

ಮನುಷ್ಯನೊಳಗೆ ಏನೇನು ಮಲಗಿರುತ್ತದೆಂದು ಹೇಳಬರುವುದಿಲ್ಲ. ಹನ್ನೆರಡು ತಿಂಗಳು ನದಿಯ ಕಡೆಗೆ ಹನ್ನೆರಡು ಸಲ ನೋಡಿದ್ದ ಮನುಷ್ಯ ಆ ಪೊಟ್ಟಣದ ಹಿಂದೆ ಓಡಿದ ಓಟವನ್ನು ಕಂಡವರು ಇಂದಿಗೂ ನೆನೆಯುತ್ತಾರೆ.

“ಯಾರ್ರೀ ಇದನ್ನ ಎಸೆದದ್ದು? ಎತ್ರೀ! ಏಯ್, ಹೊಂಡ ಮುಚ್ಚು! ಡಾಕ್ಟ್ರೇ, ಆ ಬಾಟಲಿ ನಿಮ್ದಲ್ವಾ?”

“ನಿನ್ನಪ್ಪನ ನದಿಯೇನಯ್ಯಾ?” ಎಂದು ಔಷಧದ ಅಂಗಡಿಯವನು ತೇಲುತ್ತಲೇ ಕೂಗಿದ.

“ನದಿ ಯಾರ್ದೋ ಗೊತ್ತಿಲ್ಲ. ನಲವತ್ತು ನಂದು!”

ಭಾನುವಾರದವರೆಗೆ ಅವನು ಅಂಗಡಿ ತೆರೆಯಲಿಲ್ಲ. ಬೆಳಗಾದರೆ ಮೊದಲ ದೋಣಿಗೆ ಹೋಗಿ, ಕತ್ತಲಾಗುವ ಮುಂಚಿನ ಕೊನೆಯ ದೋಣಿಗೆ ಬರುತ್ತಿದ್ದ. ಬಂದವರ ಚೀಲ ತೆಗೆಸಿ ನೋಡುತ್ತಿದ್ದ. ತಂದ ಬಾಟಲಿ ಎಣಿಸಿ, ಹೋಗುವಾಗ ಮತ್ತೆ ಎಣಿಸುತ್ತಿದ್ದ. ಹದಿಮೂರನೇ ತಿಂಗಳ ವರದಿಯನ್ನು ಅಲ್ಲಿಯೇ ಬೊಡ್ಡೆಯ ಮೇಲೆ ಕೂತು ಬರೆದ. ಕಸ: ನಾಲ್ಕು ಗೋಣಿಚೀಲ. ಸಾರ್ವಜನಿಕರ ದೂರು: ಮೂವತ್ತೊಂದು, ಎಲ್ಲವೂ ಪಾಲಕನ ವಿರುದ್ಧ. ಒಟ್ಟಾರೆ ಸ್ಥಿತಿ: ಗದ್ದಲ.

ಸೋಮವಾರ ಸಾಹೇಬರು ಬಂದರು. ಜೊತೆಗೆ ಒಬ್ಬ ಗುಮಾಸ್ತ, ಗುಮಾಸ್ತನ ಕಂಕುಳಲ್ಲಿ ಒಂದು ದಪ್ಪ ಕಡತ ಮತ್ತು ಒಂದು ಉದ್ದನೆಯ ರಟ್ಟಿನ ಕೊಳವೆ. ಕೊಳವೆಯ ಅಳತೆಯಿಂದಲೇ ಒಳಗಿನ ಕಾಗದದ ಅಳತೆ ಫ್ರೇಮಣ್ಣನಿಗೆ ತಿಳಿದುಹೋಯಿತು. ಅಂಥ ಅಳತೆಯ ಪ್ರಮಾಣಪತ್ರ ಅವನ ಅಂಗಡಿಗೆ ಇಪ್ಪತ್ತಾರು ವರ್ಷದಲ್ಲಿ ಬಂದೇ ಇರಲಿಲ್ಲ.

ಬೆಳಿಗ್ಗೆಯೆಲ್ಲ ಸಾಹೇಬರು ದಡದ ಮೂವತ್ತೊಂಬತ್ತು ಪಾಲುಗಳನ್ನು ನಡೆದು ನೋಡಿದರು. ಎಲ್ಲಿಯೂ ತೆಗೆಯುವಂಥ ತಪ್ಪಿರಲಿಲ್ಲ. ಸೇತುವೆಯ ಕೆಳಗೆ ಮೂಗು ಮುಚ್ಚಿಕೊಳ್ಳಲು ಕರವಸ್ತ್ರ ತೆಗೆದವರು, ಅಗತ್ಯ ಬೀಳದೆ ಬೆವರು ಒರೆಸಿಕೊಂಡರು. ಉಳಿದದ್ದು ಮಾದರಿ ಪಾಲು. ದೋಣಿ ಹತ್ತುವ ಮುಂಚೆ ಹಲ್ಲು ಡಾಕ್ಟರು ಫ್ರೇಮಣ್ಣನನ್ನು ಪಕ್ಕಕ್ಕೆ ಎಳೆದರು.

“ದಿಬ್ಬ ಕಣ್ಣೆದುರಿಗಿದೆ, ಸ್ವಚ್ಛವಾಗಿದೆ. ಅವ್ರು ಕೇಳಿದ್ದಕ್ಕೆಲ್ಲ ಹೂಂ ಅನ್ನಿ, ಸಾಕು. ಬಾಯಿ ಮುಚ್ಕೊಂಡಿರಿ. ಈ ಮಾತನ್ನ ನಾನು ಜೀವಮಾನದಲ್ಲಿ ಇನ್ನೊಬ್ರಿಗೆ ಹೇಳಿಲ್ಲ.”

ದಿಬ್ಬದ ಮೇಲೆ ಸಾಹೇಬರು ಆ ತುದಿಯಿಂದ ಈ ತುದಿಗೆ ನಡೆದರು. ಗುಮಾಸ್ತ ಕಡತವನ್ನು ಬೊಡ್ಡೆಯ ಮೇಲೆ ಬಿಚ್ಚಿಟ್ಟು, ಕೊಳವೆಯನ್ನು ಪಕ್ಕಕ್ಕೆ ಒರಗಿಸಿದ. ದೊಡ್ಡ ಮೇಡಂ ಸೆಟೆದು ನಿಂತಿದ್ದರು.

“ಅದ್ಭುತ,” ಎಂದರು ಸಾಹೇಬರು. “ನಿಮ್ಮ ವಿಧಾನ ಏನು?”

“ಹೂಂ,” ಎಂದ ಫ್ರೇಮಣ್ಣ.

“ವಿಧಾನ ಕೇಳಿದೆ. ಹೋದ ವರ್ಷ ಇಷ್ಟು ಹೊತ್ತಿಗೆ ಈ ಜಾಗ ಹೇಗಿತ್ತು?”

ಫ್ರೇಮಣ್ಣ ಕೊಳವೆಯನ್ನು ನೋಡಿದ. ಮೇಡಂ ಮುಖ ನೋಡಿದ. ಮೂರನೇ ಕ್ಲಾಸಿನಲ್ಲಿ ಆ ಮುಖದ ಎದುರು ಒಮ್ಮೆ ಸುಳ್ಳು ಹೇಳಿ ನೋಡಿದ್ದವನಿಗೆ ಇನ್ನೊಮ್ಮೆ ಆ ಧೈರ್ಯ ಬರುವಂತಿರಲಿಲ್ಲ.

“ಒದ್ದೆ ಇತ್ತು ಸಾರ್.”

“ಎಷ್ಟು ಒದ್ದೆ?”

“ಎರಡಾಳು.”

ದೋಣಿಯಲ್ಲಿ ಕೂತಿದ್ದ ದೋಣಿಯಕ್ಕ ಕೆಮ್ಮಿದಳು. ಸಾಹೇಬರ ಹುಬ್ಬು ನಿಧಾನಕ್ಕೆ ಮೇಲಕ್ಕೆ ಹೋಯಿತು. “ಅಂದ್ರೆ ಇಡೀ ವರ್ಷ ಇದು ನೀರಿನೊಳಗಿತ್ತಾ? ಮತ್ತೆ ವರದಿ? ಕಸ ಇಲ್ಲ, ದೂರಿಲ್ಲ, ಪ್ರಶಾಂತ?”

“ಪ್ರಶಾಂತವಾಗೇ ಇತ್ತು ಸಾರ್. ನನ್ನೊಬ್ಬನ್ನ ಬೈದುಬಿಡಿ. ಮೇಡಂದು, ಡಾಕ್ಟ್ರದ್ದು, ಎಲ್ಲರ ವರದಿಯೂ ನಿಜ. ನೀವೇ ನಡೆದು ನೋಡಿದೀರಿ. ಈ ಪ್ರಮಾಣಪತ್ರ ಬೇಡ ನಂಗೆ. ಬೇಲಿ ಮಾತ್ರ ಹಾಕ್ಬೇಡಿ.”

“ಇದು ಇಲಾಖೆಗೆ ಮಾಡಿದ ವಂಚನೆ,” ಎಂದು ಸಾಹೇಬರು ಕೆಂಪಾದರು. “ಇವತ್ತೇ, ಇಲ್ಲೇ, ಅನುಮತಿ...”

“ಒಂದು ನಿಮಿಷ,” ಎಂದರು ದೊಡ್ಡ ಮೇಡಂ. ಅವರು ಬೊಡ್ಡೆಯ ಮೇಲೆ ಬಿಚ್ಚಿದ್ದ ಕಡತಕ್ಕೆ ಬಗ್ಗಿ, ತಪ್ಪು ತಿದ್ದುವವರ ಹಾಗೆ ಬೆರಳಿಟ್ಟುಕೊಂಡು ಓದುತ್ತಿದ್ದರು. “‘ನಲವತ್ತನೇ ಪಾಲಿಗೆ ಖುದ್ದಾಗಿ ಭೇಟಿ ನೀಡಿ, ಉದ್ದಕ್ಕೂ ನಡೆದು ಪರಿಶೀಲಿಸಲಾಯಿತು. ಪಾಲಕರ ವರದಿ ಸರಿಯಿದೆ.’ ಮೂರು ತಿಂಗಳಿಗೊಂದು, ಒಟ್ಟು ನಾಲ್ಕು. ಸಹಿ ತಮ್ಮದೇ ಅಲ್ವೇ?”

ಸಾಹೇಬರು ಕಡತ ಮುಚ್ಚಲು ಕೈ ಚಾಚಿದರು, ಮೇಡಂ ಬೆರಳು ತೆಗೆಯಲಿಲ್ಲ.

“ನಡೆದು?” ಎಂದು ಫ್ರೇಮಣ್ಣ ಕೇಳಿದ. ಅವನ ದನಿಯಲ್ಲಿ ಕುಹಕದ ಲವಲೇಶವೂ ಇರಲಿಲ್ಲ, ಶುದ್ಧ ಬೆರಗಿತ್ತು. “ಎರಡಾಳು ನೀರಲ್ಲಿ ನಾಲ್ಕು ಸಲ! ಉಸಿರು ಹೇಗೆ ಹಿಡಿದ್ರಿ ಸಾರ್?”

ದೋಣಿಯಕ್ಕ ಬಿದ್ದು ಬಿದ್ದು ನಕ್ಕಳು. ದೋಣಿ ಅಲುಗಾಡಿತು. ಗುಮಾಸ್ತ ಆಚೆ ದಡದ ಮನೆಗಳನ್ನು ಆಸಕ್ತಿಯಿಂದ ನೋಡತೊಡಗಿದ. ಸಾಹೇಬರ ಮುಖದ ಕೆಂಪು ಬೇರೆ ಬಣ್ಣಕ್ಕೆ ತಿರುಗಿ, ಕೊನೆಗೆ ಅವರು ಮರಳ ಮೇಲೆ ಧೊಪ್ಪನೆ ಕೂತರು.

“ನಮ್ಮ ನಮೂನೇಲೂ,” ಎಂದರು ಸಣ್ಣ ದನಿಯಲ್ಲಿ, “ಬೇರೆ ಕಾಲಂ ಇರ್ಲಿಲ್ಲ.”

ಮೇಡಂ ಪೆನ್ನು ಕೊಟ್ಟರು. “ಹೊಸ ಕಾಲಂ ಸೇರಿಸೋಣ. ನೀವು ಬೆಳಿಗ್ಗೆ ನಡೆದ ಮೂವತ್ತೊಂಬತ್ತಂತೂ ನಿಜ ತಾನೆ? ಅದಕ್ಕೆ ತಕ್ಕ ಹಾಗೆ ಬರೀರಿ.”

ಸಾಹೇಬರು ಆ ಕಡತದಲ್ಲೇ ಬರೆದರು. ಐದು ವರ್ಷ ದಡ ಜನರ ಉಸ್ತುವಾರಿಯಲ್ಲೇ ಇರತಕ್ಕದ್ದು, ಬೇಲಿಯ ಪ್ರಸ್ತಾಪ ಕೈಬಿಡಲಾಗಿದೆ. ಸಹಿ, ತಾರೀಕು, ಮೊಹರು. “ಪ್ರಮಾಣಪತ್ರಾನೂ ಇಟ್ಕೊಳ್ಳಿ ಮಾರಾಯ್ರೆ,” ಎಂದರು ಫ್ರೇಮಣ್ಣನಿಗೆ. “ಹೆಸರು ಅಚ್ಚಾಗಿದೆ. ವಾಪಸ್ ತಗೊಂಡು ಹೋದ್ರೆ ಯಾಕೆ ಅಂತ ನಾನು ಬರೆದುಕೊಡ್ಬೇಕಾಗತ್ತೆ.”

ಫ್ರೇಮಣ್ಣ ಕೈ ಚಾಚುವಷ್ಟರಲ್ಲಿ ದೋಣಿಯಕ್ಕ ಕೂಗಿದಳು. “ನೀರು ಬಿಟ್ರು! ಹತ್ರೀ ಬೇಗ!”

ಕಟ್ಟೆಯ ರಿಪೇರಿ ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಮುಗಿದಿತ್ತು. ಸರಕಾರಿ ಕೆಲಸದ ಚರಿತ್ರೆಯಲ್ಲಿ ಹೀಗಾದದ್ದು ಇದೇ ಮೊದಲು, ಅದೂ ಅವತ್ತೇ ಆಗಬೇಕೆ? ಮರಳಿನ ಅಂಚು ನೋಡನೋಡುತ್ತ ಒಳಕ್ಕೆ ಸರಿಯಿತು. ಸಾಹೇಬರು ಎಲ್ಲರಿಗಿಂತ ಮೊದಲು ದೋಣಿಯಲ್ಲಿದ್ದರು. ಗುಮಾಸ್ತ ಅವರ ತೊಡೆಯ ಮೇಲಿದ್ದ. ಮೇಡಂ ಅವರನ್ನು ಹತ್ತಿಸಿ, ಫ್ರೇಮಣ್ಣ ಹತ್ತಿ, ದೋಣಿ ಹತ್ತು ಮಾರು ಬಂದ ಮೇಲೆ ಸಾಹೇಬರು ಕೇಳಿದರು.

“ಕಡತ ಎಲ್ಲಿ?”

“ತಮ್ಮ ಹತ್ರ ಇಲ್ವಾ ಸಾರ್?” ಎಂದ ಗುಮಾಸ್ತ.

ಎಲ್ಲರೂ ಹಿಂದಕ್ಕೆ ನೋಡಿದರು. ಬೊಡ್ಡೆ ಮೂವತ್ತು ವರ್ಷದ ನಿದ್ದೆಯಿಂದ ಎದ್ದಂತೆ ಒಮ್ಮೆ ಮಗ್ಗುಲು ಬದಲಿಸಿತು. ಕಡತ ಎಡಕ್ಕೆ ಜಾರಿತು. ಕೊಳವೆ ಬಲಕ್ಕೆ ಉರುಳಿತು.

ಫ್ರೇಮಣ್ಣ ಧುಮುಕಿದ. ನೀರು ಸೊಂಟಕ್ಕಿತ್ತು, ಸೆಳೆತ ಜೋರಾಗಿತ್ತು. ಬೊಡ್ಡೆ ಇದ್ದಲ್ಲಿಗೆ ಬಂದವನು ಎರಡು ಕಡೆಗೂ ಒಂದೊಂದು ಕೈ ಚಾಚಿ, ಯಾವುದೂ ನಿಲುಕದೆ, ಒಂದು ಕ್ಷಣ ಸಂಚಾರಿ ಪೊಲೀಸಿನಂತೆ ನಿಂತ. ಕೊಳವೆ ಹತ್ತಿರವಿತ್ತು. ಅದರ ಮುಚ್ಚಳದ ಮೇಲೆ ಅವನ ಹೆಸರಿತ್ತು. ಇಷ್ಟು ದಪ್ಪ ಅಕ್ಷರದಲ್ಲಿ ಅವನ ಹೆಸರನ್ನು ಯಾರೂ ಬರೆದಿರಲಿಲ್ಲ.

“ಲೋ, ಎಡಗಡೆ!” ಎಂದು ಮೇಡಂ ಕೂಗುವಷ್ಟರಲ್ಲಿ ಅವನು ಎಡಕ್ಕೇ ಬಿದ್ದಿದ್ದ. ಮುಳುಗಿದ. ಮೊದಲು ಕಡತ ಮೇಲೆ ಬಂತು, ಆಮೇಲೆ ಅದನ್ನು ಹಿಡಿದ ಕೈ, ಕೊನೆಗೆ ನೀರು ಉಗುಳುತ್ತ ಫ್ರೇಮಣ್ಣ.

ದೋಣಿಯಕ್ಕ ಅವನನ್ನು ಕೊರಳಪಟ್ಟಿ ಹಿಡಿದು ಒಳಕ್ಕೆ ಎಳೆದು ಹಾಕಿದಳು. “ಅಣ್ಣಾ, ಅದು ಅಲ್ಲಿ ಹೋಗ್ತಾ ಇದೆ. ಅಟ್ಟಿಸ್ಕೊಂಡು ಹೋಗ್ಲಾ?”

“ಬೇಡಕ್ಕ. ಇದು ಒದ್ದೆ ಆಗಿದೆ, ಮೊದ್ಲು ದಡ ಮುಟ್ಸು.”

ಕೊಳವೆ ಗಂಭೀರವಾಗಿ ತೇಲುತ್ತ ದಡದ ಬಳಿ ಹಾದು ಹೋಯಿತು. ತಮ್ಮ ಮೂರನೇ ಪಾಲಿನಲ್ಲಿ ನಿಂತಿದ್ದ ಹಲ್ಲು ಡಾಕ್ಟರು ಕೈಯೆತ್ತಿ ಕೂಗಿದರು. “ರೀ ಫ್ರೇಮಣ್ಣ! ನಿಮ್ಮ ಕಡೆಯಿಂದ ಕಸ ಬರ್ತಿದೆ ಕಣ್ರೀ! ಬರೀತೀನಿ ನಾನು!”

ಮೆಟ್ಟಿಲ ಮೇಲೆ ಕಡತದ ಹಾಳೆಗಳನ್ನು ಬಿಡಿಸಿ, ಒಂದೊಂದರ ಮೇಲೂ ಕಲ್ಲಿಟ್ಟು ಒಣಗಲು ಹಾಕಿದರು. ಅನುಮತಿಯ ಹಾಳೆಯ ಸುತ್ತ ಬೀದಿಯ ಜನವೆಲ್ಲ ಕೂತು, ಹಸುಗೂಸನ್ನು ನೋಡುವಂತೆ ಉಸಿರು ಬಿಗಿಹಿಡಿದು ನೋಡಿತು. ಶಾಯಿ ಅಂಚಿನಲ್ಲಿ ಸ್ವಲ್ಪ ಹಬ್ಬಿತ್ತು, ಆದರೆ ಸಹಿ ಸಹಿಯಾಗಿಯೇ ಇತ್ತು. ಸಾಹೇಬರು ಗಾಳಿ ಹಾಕಿದರು. ಬಿಸಿಲು ಇಳಿಯುತ್ತಿತ್ತು. ಒಬ್ಬೊಬ್ಬರಾಗಿ ನೀರಿಗೆ ಕಾಲು ಇಳಿಬಿಟ್ಟರು. ಸ್ವಲ್ಪ ಹೊತ್ತಿನ ನಂತರ, ಶೂ ಬಿಚ್ಚಿ, ಸಾಹೇಬರೂ.

ಫ್ರೇಮಣ್ಣನ ಹೆಂಡತಿ ಟವೆಲು ತಂದು ಅವನ ತಲೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಒರೆಸಿದಳು.

“ಹೋಗಿದ್ದು ತುಂಬಾ ದೊಡ್ಡದಿತ್ತಾ?”

ಫ್ರೇಮಣ್ಣ ಎರಡೂ ಕೈ ಎತ್ತಿ ಅಳತೆ ತೋರಿಸಿದ. ಸಾಲದೆಂದು ಇನ್ನೊಂದು ಗೇಣು ಅಗಲಿಸಿದ. “ಇಷ್ಟು. ಉಬ್ಬು ಮುದ್ರೆ ಬೇರೆ.”

“ಹೂಂ. ಆ ಸಹಿ ಒಣಗಿತಾ ನೋಡಿ.”

ಅವನು ಬಗ್ಗಿ ಅಂಚನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಮುಟ್ಟಿದ. ಒಣಗಿತ್ತು.